ಒಲೆ ಕಾಣದ ಸಿಹಿ

ಓನರ್ ಆಂಟಿಯ ಎಡ ಮೂಗಿನ ಹೊಳ್ಳೆಯ ಮೇಲೆ ಒಂದು ಬಿಳಿ ಹರಳಿನ ಬೊಟ್ಟಿತ್ತು. ಅನುಮಾನ ಬಂದಾಗ ಮೊದಲು ಅಲುಗುತ್ತಿದ್ದದ್ದು ಅದು. ಹೊಳ್ಳೆ ತುಸು ಅರಳುತ್ತಿತ್ತು, ಹರಳು ಒಮ್ಮೆ ಮಿಣುಕುತ್ತಿತ್ತು, ಆಮೇಲೆ ಪ್ರಶ್ನೆ ಬರುತ್ತಿತ್ತು. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ವರ್ಷಗಳಲ್ಲಿ ನಾನು ಆ ಹರಳನ್ನು ನೋಡಿಕೊಂಡೇ ನನ್ನ ಉತ್ತರವನ್ನು ಹೊಂದಿಸಿಕೊಳ್ಳುತ್ತಿದ್ದೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾವು ಧಾರವಾಡದವರು. ಬಿಟಿಎಂ ಲೇಔಟಿನ ಒಂದು ಗಾಳಿಯಿಲ್ಲದ ಮನೆಯನ್ನು ಬಿಟ್ಟು ಗಿರಿನಗರಕ್ಕೆ ಮನೆ ಹುಡುಕಿಕೊಂಡು ಬಂದಿದ್ದೆವು. ಕೆಳಗೆ ಆಂಟಿ ಮತ್ತು ನಿವೃತ್ತರಾಗಿದ್ದ ಅಂಕಲ್, ಮೇಲೆ ಬಾಡಿಗೆ ಮನೆ. ಅಂಕಲ್ ನಮ್ಮನ್ನು ನೋಡಿದ ಕೂಡಲೇ ಒಪ್ಪಿಬಿಟ್ಟರು. ಅವರ ಒಪ್ಪಿಗೆಗೆ ಆ ಮನೆಯಲ್ಲಿ ಬೆಲೆ ಇಲ್ಲವೆಂಬುದು ನಮಗೆ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಮೊಟ್ಟೆ ತಿಂತೀರಾ?" ಎಂದರು ಆಂಟಿ.

"ಇಲ್ರೀ."

"ಮೀನು?"

"ಮೊಟ್ಟೀನ ತಿನ್ನಂಗಿಲ್ರೀ, ಇನ್ನ ಮೀನು ಎಲ್ಲಿಂದ ಬರಬೇಕ್ರೀ?"

"ಹಾಗೆ ಹೇಳಕ್ಕಾಗಲ್ಲ. ಮೀನನ್ನ ತರಕಾರಿ ಅನ್ನೋರೂ ಇದಾರೆ."

ಅಂಕಲ್ ಪೇಪರಿನ ಹಿಂದೆ ನಕ್ಕದ್ದು ಕೇಳಿಸಿತು. ಕುಡಿಯುವ ಹಾಗಿಲ್ಲ, ಕುಡಿಯುವವರು ಬಂದುಹೋಗುವ ಹಾಗಿಲ್ಲ, ಟೆರೇಸಿನ ಬೀಗದ ಕೈ ಕೇಳುವ ಹಾಗಿಲ್ಲ ಎಂಬ ಷರತ್ತುಗಳೊಂದಿಗೆ ಮನೆ ಸಿಕ್ಕಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದೆಲ್ಲ ಹೊಸದೇನಲ್ಲ. ಆದರೆ ಬೇರೆಯವರು ಮೊದಲ ದಿನ ಅನುಮಾನಿಸಿ ಆಮೇಲೆ ಸುಮ್ಮನಾಗುತ್ತಾರೆ. ಆಂಟಿಗೆ ಅದು ದಿನನಿತ್ಯದ ಕೆಲಸ, ಅಂಗಳ ಗುಡಿಸಿ ರಂಗೋಲಿ ಹಾಕುವ ಹಾಗೆ.

ಹಾಲಿನವನು ಹಾಲು ಹಾಕಿದರೆ ಬೆರಳಿನಿಂದ ಒಂದು ಹನಿ ತೆಗೆದು ಉಗುರಿನ ಮೇಲೆ ನಿಲ್ಲಿಸಿ ನೋಡುತ್ತಿದ್ದರು. ಸೊಪ್ಪಿನವಳು ಕೊಟ್ಟ ಕಟ್ಟನ್ನು ಅವಳ ಎದುರಿಗೇ ಬಿಚ್ಚುತ್ತಿದ್ದರು. ದೇವಸ್ಥಾನದ ತೀರ್ಥವನ್ನೂ ಒಮ್ಮೆ ಮೂಸಿಯೇ ಕುಡಿಯುತ್ತಿದ್ದರೆಂದು ಅಂಕಲ್ ಹೇಳುತ್ತಿದ್ದರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿ ಮರೆತಿದ್ದೇವೆ. ಅವರು ಅದನ್ನೇ ನಂಬಿ ಬಾಳುವೆ ಮಾಡಿದವರು.

ಆ ಮನೆಗೆ ಹೋದ ಮೊದಲ ವಾರದ ಮಾತು. ಬೆಳಿಗ್ಗೆ ಯಾರೋ ಬಾಗಿಲು ಕಿತ್ತುಹೋಗುವಂತೆ ಬಡಿದರು. ತೆರೆದರೆ ಆಂಟಿ. ನನ್ನನ್ನು ಪಕ್ಕಕ್ಕೆ ಸರಿಸಿ ನೇರವಾಗಿ ಒಳಗೆ ನಡೆದರು. ನಮ್ಮವರು ಮುಖಕ್ಕೆ ಸೋಪು ಹಚ್ಚಿಕೊಂಡು ಗಡ್ಡ ಹೆರೆಯುತ್ತಿದ್ದರು.

"ನೋಡಪ್ಪ, ಹೆಂಗಸಿನ ಮೇಲೆ ಕೈ ಮಾಡೋದು ಈ ಮನೇಲಿ ನಡೆಯಲ್ಲ. ಆಗಿನಿಂದ ಕೇಳಿಸ್ಕೊತಿದೀನಿ, ಪಟಪಟ ಪಟಪಟ ಅಂತ."

ನಮಗೆ ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ನಾನು ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ವಿವರಿಸಿದರೂ ಅವರು ನಂಬಲಿಲ್ಲ. ನನ್ನನ್ನು ಕೂರಿಸಿ, ಎದುರಿಗೆ ನಿಂತು, ಒಂದು ರೊಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಬಡಿಯಲು ಹೇಳಿ ನೋಡಿದರು. ಸದ್ದು ಹೊಂದಿತು. ಆದರೂ ಹೋಗುವಾಗ ನನ್ನ ತೋಳುಗಳನ್ನು ಮೇಲೆ ಕೆಳಗೆ ತಿರುಗಿಸಿ ನೋಡಿಯೇ ಹೋದರು. ನನಗೆ ಆಗ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದಾಗ, ಈ ಊರಿನಲ್ಲಿ ನನ್ನ ತೋಳು ನೋಡಲು ಬಂದವರು ಅವರೊಬ್ಬರೇ ಎನ್ನಿಸಿತು.

ಇನ್ನು ನನ್ನ ಗುಟ್ಟನ್ನು ಹೇಳಬೇಕು. ಬಿಟಿಎಂ ಮನೆಯಲ್ಲಿದ್ದಾಗ ನಾನು ಒಮ್ಮೆ ಬಸಿರಾಗಿದ್ದೆ. ಸಂತೋಷ ತಡೆಯಲಾರದೆ ಆಫೀಸಿಗೆಲ್ಲ ಪೇಢೆ ಹಂಚಿದ್ದೆ, ಊರಿಗೆಲ್ಲ ಫೋನು ಮಾಡಿದ್ದೆ. ಮೂರು ತಿಂಗಳು ತುಂಬುವ ಮುಂಚೆಯೇ ಅದು ಹೋಯಿತು. ಪೇಢೆ ತಿಂದವರೆಲ್ಲ ಬಂದು ಸಮಾಧಾನ ಹೇಳಿಹೋದರು. ಒಬ್ಬೊಬ್ಬರ ಮುಖ ನೋಡುವಾಗಲೂ ಇವರ ಕಣ್ಣೇ ಇರಬಹುದೇ ಎಂದು ನನ್ನ ಮನಸ್ಸು ಹುಡುಕುತ್ತಿತ್ತು. ಓದಿದವಳು ಹಾಗೆ ಯೋಚಿಸಬಾರದು ಎನ್ನುವುದು ಸುಲಭ. ಗಿರಿನಗರಕ್ಕೆ ಬಂದ ಮೇಲೆ ಮತ್ತೆ ಬಸಿರಾದಾಗ, ಐದು ತಿಂಗಳಾಗುವ ತನಕ ಯಾರಿಗೂ ಹೇಳುವುದಿಲ್ಲ ಎಂದು ನಮ್ಮವರಿಂದ ಆಣೆ ಮಾಡಿಸಿಕೊಂಡೆ. ಹೆತ್ತವರಿಗೂ ಇಲ್ಲ, ಆಫೀಸಿನಲ್ಲೂ ಇಲ್ಲ. ಎಲ್ಲರಿಗಿಂತ ಮೊದಲು, ಎಲ್ಲವನ್ನೂ ನೋಡುವ ಕೆಳಗಿನ ಮನೆಯ ಕಣ್ಣಿಗೆ ಇಲ್ಲ. ಹಾಗೆ ನೋಡಿದರೆ ಆ ಮನೆಯಲ್ಲಿ ಕೆಳಗೆ ಒಬ್ಬಳು ಅನುಮಾನದವಳು, ಮೇಲೆ ಒಬ್ಬಳು.

ಏನು ತಿಂದರೂ ನಿಲ್ಲುತ್ತಿರಲಿಲ್ಲ. ಅನ್ನದ ಆವಿ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಆದರೆ ಬಯಕೆ ಎಂಬುದಕ್ಕೆ ತಲೆಬುಡ ಇರುವುದಿಲ್ಲವಲ್ಲ. ಹಿಂದಿನ ವರ್ಷ ನಮ್ಮವರ ಕಂಪನಿಯವರು ಹೋಟೆಲಿನಲ್ಲಿ ಕೊಟ್ಟ ಔತಣದಲ್ಲಿ ಒಂದು ಸಿಹಿ ತಿಂದಿದ್ದೆ. ಕಾಫಿಯಲ್ಲಿ ನೆನೆದ ಬಿಸ್ಕತ್ತಿನ ಒಂದು ಪದರ, ಬೆಣ್ಣೆಯಂಥ ಕೆನೆಯ ಒಂದು ಪದರ, ಮತ್ತೆ ಬಿಸ್ಕತ್ತು, ಮತ್ತೆ ಕೆನೆ, ಮೇಲೆ ಕಹಿಯಾದ ಕೋಕೋ ಪುಡಿ. ತಿರಾಮಿಸು ಅಂತ ಹೆಸರು, ಇಟಲಿಯದು. ಮಸಾಲೆದೋಸೆಯಲ್ಲ, ಮಾವಿನಕಾಯಲ್ಲ, ನನ್ನ ನಾಲಿಗೆ ಅದನ್ನೇ ಹಿಡಿದುಕೊಂಡು ಕೂತಿತು.

ಜಯನಗರದ ನಮ್ಮ ಆಫೀಸಿನಲ್ಲಿ ಅಡುಗೆಯ ಹುಚ್ಚಿದ್ದ ಗೆಳತಿಯೊಬ್ಬಳನ್ನು ಮೆಲ್ಲಗೆ ವಿಚಾರಿಸಿದೆ. ಹಸಿ ಮೊಟ್ಟೆ, ಇಟಲಿಯ ಒಂದು ಬಗೆಯ ಮೆತ್ತನೆಯ ಚೀಸು, ಗಟ್ಟಿ ಕಾಫಿ, ಒಂದಿಷ್ಟು ರಮ್ಮು ಎಂದಳು. ಹೋಟೆಲಿನ ಆ ಸಿಹಿಯಲ್ಲಿ ಮೊಟ್ಟೆಯಿತ್ತೆಂದು ಆಗಲೇ ತಿಳಿದದ್ದು. ಗೊತ್ತಿಲ್ಲದೆ ತಿಂದದ್ದು ಹೊಟ್ಟೆಗೆ ಹೋಗಿ ವರ್ಷವಾಗಿತ್ತು, ಈಗ ಏನು ಮಾಡುವುದು. ಚೀಸಿನ ಬದಲಿಗೆ ನಮ್ಮ ಚಕ್ಕಾ ಆಗುತ್ತದೆಯೆಂದು ಹೊಳೆಯಿತು. ಶ್ರೀಖಂಡಕ್ಕೆ ಮೊಸರು ಬಟ್ಟೆಯಲ್ಲಿ ಕಟ್ಟಿ ನೀರಿಳಿಸುತ್ತೇವಲ್ಲ, ಅದು. ಮೊಟ್ಟೆಯನ್ನು ಕೈಬಿಟ್ಟರಾಯಿತು, ರಮ್ಮನ್ನೂ.

ರಾತ್ರಿ ಮೊಸರು ಕಟ್ಟಿ ಅಡುಗೆಮನೆಯ ಕಿಟಕಿಯ ಸರಳಿಗೆ ತೂಗುಹಾಕಿದೆ. ಕೆಳಗೆ ಆಂಟಿಯ ಬಟ್ಟೆ ಒಗೆಯುವ ಕಲ್ಲಿರುವುದು ನೆನಪಾಗಲಿಲ್ಲ. ಮಾರನೆಯ ದಿನ ಅಮಾವಾಸ್ಯೆ ಎಂಬುದೂ ನನಗೆ ಗೊತ್ತಿರಲಿಲ್ಲ.

"ಏನಮ್ಮ ಅದು, ಬಿಳೀ ಗಂಟು? ಕಲ್ಲಿನ ಮೇಲೆಲ್ಲ ತೊಟ್ಟಿಕ್ಕಿದೆ." ಆಂಟಿ ಅಂಗಳದಲ್ಲಿ ನಿಂತು ಕತ್ತೆತ್ತಿ ಕೇಳಿದರು.

"ಮೊಸರು ರೀ."

"ಮೊಸರನ್ನ ಯಾರು ನೇಣು ಹಾಕ್ತಾರೆ?"

"ಶ್ರೀಖಂಡಕ್ಕ ರೀ."

"ಅಮಾವಾಸ್ಯೆ ದಿನ ಏನು ವಿಶೇಷ?"

ನಾನು ಗಂಟನ್ನು ಒಳಗೆ ಎಳೆದುಕೊಂಡೆ. ಹರಳು ಮಿಣುಕಿತು. "ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದು ಗೊಣಗಿಕೊಂಡು ಆಂಟಿ ಕಲ್ಲಿಗೆ ಅರಿಸಿನದ ನೀರು ಸುರಿದರು. ನಾನು ಮಾಟ ಮಾಡಿಸುತ್ತಿದ್ದೇನೆಂದು ಅವರು ಅಂಕಲ್ಲಿಗೆ ಹೇಳಿದ್ದು ಆಮೇಲೆ ತಿಳಿಯಿತು.

ಅದಕ್ಕೆ ಒಗ್ಗರಣೆ ಹಾಕಿದವರು ನಮ್ಮವರು. ಹೆಂಡತಿಯ ಬಯಕೆ ಅರ್ಧಂಬರ್ಧ ಆಗಬಾರದೆಂದು ಯಾರೋ ಗೆಳೆಯನನ್ನು ಕೇಳಿ, ಸಂಜೆ ಬರುವಾಗ ಒಂದು ಸಣ್ಣ ರಮ್ಮಿನ ಬಾಟಲಿ ತಂದರು. ಅಸಲಿ ಘಮ ಅದರಿಂದಲೇ ಬರುವುದಂತೆ, ಒಂದು ಚಮಚ ಸಾಕಂತೆ. ಅದನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿನಲ್ಲಿ ತಂದಿದ್ದರು. ಬೆಂಗಳೂರಿನಲ್ಲಿ ಮುಚ್ಚಿಡಬೇಕಾದದ್ದೆಲ್ಲ ಬರುವುದು ಕಪ್ಪು ಕವರಿನಲ್ಲೇ, ಹಾಗಾಗಿ ಅದಕ್ಕಿಂತ ಎದ್ದು ಕಾಣುವ ವಸ್ತು ಇನ್ನೊಂದಿಲ್ಲ. ಗೇಟಿನ ಹತ್ತಿರ ಆಂಟಿ ಗಿಡಕ್ಕೆ ನೀರು ಹಾಕುತ್ತಿದ್ದರು. ನಾನು ಗಂಡನನ್ನು ಬೈದು ಬಾಟಲಿಯನ್ನು ಅಕ್ಕಿ ಡಬ್ಬಿಯ ಹಿಂದೆ ತಳ್ಳಿದೆ.

ಮರುದಿನ ಭಾನುವಾರ. ಬೆಳಿಗ್ಗೆ ಎಂದಿನಂತೆ ಬಚ್ಚಲಿನಲ್ಲಿ ಕೂತು ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿದೆ. ಬಾಯಿ ತೊಳೆದು ಹೊರಗೆ ಬರುವಷ್ಟರಲ್ಲಿ ಆಂಟಿ ಒಳಗೆ ನಿಂತಿದ್ದರು, ಅವರ ಹಿಂದೆ ಮುಖ ತಗ್ಗಿಸಿಕೊಂಡು ಅಂಕಲ್. ಆಂಟಿ ನೇರವಾಗಿ ಅಡುಗೆಮನೆಗೆ ಹೋಗಿ ಎರಡು ಸಲ ಸುತ್ತ ಕಣ್ಣಾಡಿಸಿ ಅಕ್ಕಿ ಡಬ್ಬಿಯನ್ನು ಸರಿಸಿದರು.

"ದಿನಾ ಬೆಳಗ್ಗೆ ಕೇಳಿಸ್ಕೊತಿದೀನಿ. ಹೊಟ್ಟೆಗೆ ಸರಿಹೋಗಿಲ್ಲ ಅನ್ಕೊಂಡಿದ್ದೆ." ಬಾಟಲಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೇಜಿನ ಮೇಲಿಟ್ಟರು. "ಯಾರು ಕುಡಿಯೋದು? ನಿಜ ಹೇಳಿ. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕಾಗತ್ತೆ."

ನನ್ನ ಸ್ಥಿತಿ ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಹಾಗಾಯಿತು. ಹೇಳಿದರೆ ಗುಟ್ಟು ಹೋಯಿತು, ಹೇಳದಿದ್ದರೆ ಮನೆ. ಈ ಹೊತ್ತಿನಲ್ಲಿ ಸಾಮಾನು ಕಟ್ಟಿ, ಮೆಟ್ಟಿಲು ಹತ್ತಿ ಇಳಿದು, ಮತ್ತೊಂದು ಮನೆ ಹುಡುಕುವುದೆಂದರೆ ಹೊಟ್ಟೆಯಲ್ಲಿರುವುದು ಉಳಿಯುತ್ತದೆಯೇ ಎಂದು ಭಯವಾಯಿತು. ನಮ್ಮವರು ನನ್ನ ಮುಖ ನೋಡಿದರು. ಆಣೆ ಮಾಡಿದ ಮನುಷ್ಯ, ಅದನ್ನು ಮುರಿಯದೆ ಇರಲು ಇದ್ದ ಒಂದೇ ದಾರಿ ಹಿಡಿದರು.

"ನಾನ ಕುಡಿತೀನ್ರೀ ಆಂಟಿ. ಇನ್ಮ್ಯಾಲೆ ಕುಡಿಯಂಗಿಲ್ರೀ."

ಆಂಟಿ ಅವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೀಲು ಕೂಡ ಒಡೆಯದ ಬಾಟಲಿಯನ್ನು ತಿರುಗಿಸಿ ನೋಡಿದರು.

"ಕುಡಿಯೋದು ನೀನು, ವಾಂತಿ ಮಾಡೋದು ಇವಳು. ಇದ್ಯಾವ ಲೆಕ್ಕ?"

ಅವರು ಗಂಡಸರಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಹತ್ತಿರ ಬಂದು ನನ್ನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು.

"ಎಷ್ಟು ತಿಂಗಳು?"

ನನಗೆ ಅಳು ಬಂದುಬಿಟ್ಟಿತು. ಹೋದ ವರ್ಷದ್ದು, ಪೇಢೆ ಹಂಚಿದ್ದು, ತಿರಾಮಿಸು, ಮೊಸರಿನ ಗಂಟು, ರಮ್ಮು, ಎಲ್ಲವನ್ನೂ ಬಿಕ್ಕಳಿಸುತ್ತಲೇ ಹೇಳಿದೆ. ಅವರು ಪೂರ್ತಿ ಕೇಳಿದರು.

"ನನಗೆ ಯಾಕೆ ಹೇಳಲಿಲ್ಲ? ನನ್ನ ಕಣ್ಣು ಬೀಳತ್ತೆ ಅಂತ ತಾನೆ?"

ಇಲ್ಲ ಎನ್ನಬೇಕಾಗಿತ್ತು. ಸುಳ್ಳು ಬಾಯಿಗೆ ಬರಲಿಲ್ಲ.

"ಸರಿಯಾಗೇ ಮಾಡಿದೀಯ" ಎಂದರು ಆಂಟಿ. "ಯಾರನ್ನೂ ನಂಬಬೇಡ. ನನ್ನನ್ನೂ."

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಯೆಂದು ಹಿರಿಯರು ಹೇಳುತ್ತಾರೆ. ಆ ಮಾತು ಆಂಟಿ ಅನುಮಾನಿಸದೆ ಒಪ್ಪಿದ್ದ ಅಪರೂಪದ ಸಂಗತಿಗಳಲ್ಲಿ ಒಂದು. ಹಾಗಾಗಿ ಸಿಹಿ ಆಗಲೇಬೇಕು. ಆದರೆ ಅದರಲ್ಲಿ ಅವರು ನಂಬುವಂಥ ಪದಾರ್ಥ ಒಂದೂ ಇರಲಿಲ್ಲ. ಮೊದಲು ರಮ್ಮಿಗೆ ಗಡೀಪಾರು. ಹಿಂದಿನ ಮೋರಿಗೆ ಚೆಲ್ಲಿ ಬರಲು ಅಂಕಲ್ಲನ್ನು ಕಳಿಸಿದರು. ಅಷ್ಟು ಸಣ್ಣ ಬಾಟಲಿಯನ್ನು ಚೆಲ್ಲಲು ಅಂಕಲ್ ಬಹಳ ಹೊತ್ತು ತೆಗೆದುಕೊಂಡರು ಎಂಬುದನ್ನು ನಾನು ಗಮನಿಸಿದೆ, ಆಂಟಿಯೂ ಗಮನಿಸಿದರು.

"ಈ ಸಿಹೀನ ಯಾವ ಒಲೆ ಮೇಲೆ ಇಡೋದು?" ಎಂದು ಕೇಳಿದರು.

"ಒಲಿ ಮ್ಯಾಲೆ ಇಡಂಗಿಲ್ರೀ. ಪದರ ಪದರ ಹಚ್ಚಿ ಫ್ರಿಜ್ಜಿನ್ಯಾಗ ಇಡೂದು."

"ಒಲೆ ಕಾಣದ್ದನ್ನ ಬಸುರಿ ಬಾಯಿಗಿಡ್ತಾರಾ?"

ಅಲ್ಲಿಂದ ಆ ಇಟಲಿಯ ಸಿಹಿಯ ವಿಚಾರಣೆ ಶುರುವಾಯಿತು. ನಾನು ಕಟ್ಟಿದ್ದ ಚಕ್ಕಾ ಬೇಡವೆಂದರು, ಅದು ಅಮಾವಾಸ್ಯೆಯ ಗಾಳಿ ಕುಡಿದಿತ್ತು. ತಮ್ಮ ಮನೆಯ ಹಾಲನ್ನು ಮೂರು ಉಕ್ಕು ಬರಿಸಿ ಹೆಪ್ಪು ಹಾಕಿ, ಮರುದಿನ ತಾವೇ ಬಟ್ಟೆಯಲ್ಲಿ ಕಟ್ಟಿದರು, ಮೊಸರನ್ನು ಯಾರು ನೇಣು ಹಾಕುತ್ತಾರೆಂದು ಕೇಳಿದ ಅದೇ ಆಂಟಿ. ಹೋಟೆಲಿನವರು ಹಾಕುವ ಬಿಸ್ಕತ್ತು ಎಲ್ಲೂ ಸಿಗುವಂತಿರಲಿಲ್ಲ, ಬೇಕರಿಯ ರಸ್ಕು ಆಗಬಹುದು ಎಂದೆ. ಬೇಕರಿಗೆ ತಾವೇ ಹೋಗಿ ಒಳಗಿನ ಒಲೆಯವರೆಗೂ ಇಣುಕಿ, ಮೊಟ್ಟೆಯಿಲ್ಲವೆಂದು ಇಬ್ಬರ ಬಾಯಲ್ಲಿ ಬೇರೆಬೇರೆಯಾಗಿ ಹೇಳಿಸಿಕೊಂಡು ತಂದರು. ತಂದ ರಸ್ಕನ್ನು ಮತ್ತೆ ಹೆಂಚಿನ ಮೇಲೆ ಬೆಚ್ಚಗೆ ಮಾಡಿದರು. ನಮ್ಮವರು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ತಂದ ಕೆನೆಯನ್ನು ಕಾಯಿಸಿ ಆರಿಸಿದರು. ಕೋಕೋ ಡಬ್ಬಿಯ ಮೇಲಿನ ಬರಹವನ್ನು ಅಂಕಲ್ಲಿಂದ ಗಟ್ಟಿಯಾಗಿ ಓದಿಸಿ, ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ಮುಖ ಕಿವಿಚಿದರು. "ಇದು ಇಟ್ಟಿಗೆ ಪುಡಿ ಅಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?" ಎಂದರು.

ಕಾಫಿಯ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಬಸುರಿಗೆ ಕಾಫಿ ಉಷ್ಣ ಎಂದು ಅವರು, ಕಾಫಿ ಇಲ್ಲದಿದ್ದರೆ ಅದು ಆ ತಿಂಡಿಯೇ ಅಲ್ಲ ಎಂದು ನಾನು. ಕೊನೆಗೆ ಮೊದಲ ಡಿಕಾಕ್ಷನ್ನನ್ನು ಅಂಕಲ್ಲಿಗೆ ಕೊಟ್ಟು, ಅದೇ ಪುಡಿಯ ಮೇಲೆ ಮತ್ತೆ ನೀರು ಹೊಯ್ದು ಇಳಿಸಿದ ಎರಡನೆಯ ಡಿಕಾಕ್ಷನ್ನಿನಲ್ಲಿ ರಸ್ಕು ಅದ್ದಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸ್ಟೀಲಿನ ಅಗಲ ಡಬ್ಬಿಯಲ್ಲಿ ನಾನು ಹೇಳಿದಂತೆ ಪದರ ಹಚ್ಚುತ್ತಾ ಹೋದರು. ನನ್ನನ್ನು ಮುಟ್ಟಗೊಡಲಿಲ್ಲ.

ಸಂಜೆ ಫ್ರಿಜ್ಜಿನಿಂದ ಡಬ್ಬಿ ತೆಗೆದಾಗ ನಾನು ಬಟ್ಟಲು ಹಿಡಿದೆ. ಆಂಟಿ ಬಟ್ಟಲನ್ನು ಪಕ್ಕಕ್ಕಿಟ್ಟು, ತಾವು ಒಂದು ದೊಡ್ಡ ಚಮಚ ತುಂಬಾ ತಿಂದರು. ಅಂಕಲ್ ಕೈ ಚಾಚಿದರು.

"ನೀವು ಬೇಡ" ಎಂದರು ಆಂಟಿ. "ಇಬ್ಬರೂ ಒಟ್ಟಿಗೆ ಮಲಗಿಬಿಟ್ಟರೆ ಆಟೋ ಕರೆಯೋರು ಯಾರು? ಬೆಳಗ್ಗೆವರೆಗೂ ನನಗೇನೂ ಆಗಲಿಲ್ಲ ಅಂದ್ರೆ ಇವಳು ತಿನ್ನಲಿ."

ನಾನು ನಗುತ್ತಲೇ ಮೆಟ್ಟಿಲು ಹತ್ತಿದೆ. ಮೇಲೆ ಬಂದು ಕೂತಾಗ ನಗು ಹೋಯಿತು. ಆ ಪದಾರ್ಥವನ್ನು ಅವರು ಒಂದಿಷ್ಟೂ ನಂಬಿರಲಿಲ್ಲ, ವಿಷವಿರಬಹುದೆಂದೇ ತಿಂದಿದ್ದರು. ನನ್ನ ತಾಯಿಯೂ ಹಾಗೆ ಮಾಡುತ್ತಿದ್ದಳೋ ಇಲ್ಲವೋ, ನನಗೆ ಖಾತ್ರಿಯಿಲ್ಲ.

ಬೆಳಿಗ್ಗೆ ಅವರೇ ಬಟ್ಟಲು ಹಿಡಿದು ಮೇಲೆ ಬಂದರು. "ರಾತ್ರಿ ಚೆನ್ನಾಗಿ ನಿದ್ದೆ ಬಂತು. ತಿನ್ನು."

ತಿಂದೆ. ಅದು ಶ್ರೀಖಂಡವಾಗಿರಲಿಲ್ಲ, ಕಾಫಿಯಾಗಿರಲಿಲ್ಲ, ಹೋಟೆಲಿನಲ್ಲಿ ತಿಂದದ್ದಂತೂ ಖಂಡಿತ ಆಗಿರಲಿಲ್ಲ. ಆಂಟಿ ಎದುರಿಗೆ ಕೂತು ನನ್ನ ಗಂಟಲನ್ನೇ ನೋಡುತ್ತಿದ್ದರು. ಎಷ್ಟೋ ವಾರಗಳ ನಂತರ ತಿಂದದ್ದೊಂದು ಒಳಗೆ ಉಳಿಯಿತು.

"ನೀನು ಕೇಳಿದ್ದು ಇದೇನಾ?"

"ಹೌದ್ರೀ."

"ಸುಳ್ಳು ಹೇಳಬೇಡ."

"ಅದಲ್ರೀ. ಆದ್ರ ನನಗ ಇದ ಬೇಕಾಗಿತ್ತು."

ಅಂದಿನಿಂದ ಅವರ ಅನುಮಾನ ನನ್ನ ಮೇಲಿನಿಂದ ಎದ್ದು ಇಡೀ ಲೋಕದ ಮೇಲೆ ಹೋಗಿ ಕೂತಿತು. ಆಫೀಸಿಗೆ ಕರೆದುಕೊಂಡು ಹೋಗುವ ಆಟೋದವನು ಹಳ್ಳಕ್ಕೆ ಇಳಿಸುತ್ತಾನೆಂದು ಅನುಮಾನಿಸಿ, ಇಳಿಸುವುದಿಲ್ಲವೆಂದು ಅವನಿಂದ ಮಾತು ತೆಗೆದುಕೊಂಡರು. ಡಾಕ್ಟರು ಬರೆದ ಟಾನಿಕ್ಕನ್ನೂ ಒಂದು ಮುಚ್ಚಳ ಕುಡಿದು ನೋಡಿಯೇ ನನಗೆ ಕೊಟ್ಟದ್ದು. ಯಾರಾದರೂ ನನ್ನನ್ನು ನೋಡಲು ಬಂದರೆ ಗೇಟಿನಲ್ಲೇ ನಿಲ್ಲಿಸಿ, ಅವಳಿಗೆ ಜ್ವರ ಎಂದು ಸಾಗಹಾಕುತ್ತಿದ್ದರು. ಐದು ತಿಂಗಳಾದ ಮೇಲೆ ನಾನು ಊರಿಗೆ ಸುದ್ದಿ ತಿಳಿಸಿದೆ. ಅದಕ್ಕೆ ಮುಂಚೆ ಅವರ ಬಾಯಿಂದ ಆ ಬೀದಿಯಲ್ಲಿ ಒಬ್ಬರಿಗೂ ವಿಷಯ ಗೊತ್ತಾಗಿರಲಿಲ್ಲ. ಚೊಚ್ಚಲ ಹೆರಿಗೆಗೆ ಧಾರವಾಡಕ್ಕೆ ಹೊರಟಾಗ ರೈಲಿನವರೆಗೂ ಬಂದು, ನನ್ನ ಸೀಟಿನ ಎದುರು ಕೂತವರನ್ನು ಎಲ್ಲಿಯವರು, ಏನು ಎತ್ತ ಎಂದು ವಿಚಾರಿಸಿದರು.

ಒಮ್ಮೆ ಕೇಳಿದ್ದೆ. ಹೀಗೆ ಯಾರನ್ನೂ ನಂಬದೆ ಇರಲು ಏನು ಕಾರಣ, ಯಾರಾದರೂ ಮೋಸ ಮಾಡಿದ್ದರೇ ಎಂದು. ಒಂದು ದೊಡ್ಡ ದುಃಖದ ಕಥೆ ಬರುತ್ತದೆಂದು ಕಾದಿದ್ದೆ.

"ಏನೂ ಇಲ್ಲ ಕಣಮ್ಮ" ಎಂದರು. "ಕೆಲವರಿಗೆ ಹಾಡಕ್ಕೆ ಬರತ್ತೆ. ನನಗೆ ಇದು ಬರತ್ತೆ."

ನಾವು ಜೆ.ಪಿ. ನಗರದಲ್ಲಿ ಸ್ವಂತ ಫ್ಲ್ಯಾಟು ಕೊಂಡು ಹೋದ ಮೇಲೆ, ಕೆಲವು ವರ್ಷಗಳಿಗೆ ಅಂಕಲ್ ಫೋನು ಮಾಡಿದರು. ಎದೆನೋವೆಂದು ತೋರಿಸಿದ್ದಕ್ಕೆ ಡಾಕ್ಟರು ಬರೀ ಗ್ಯಾಸು ಎಂದಿದ್ದರಂತೆ. ಆಂಟಿ ನಂಬಲಿಲ್ಲವಂತೆ. ಇನ್ನೊಬ್ಬರಿಗೆ ತೋರಿಸಬೇಕೆಂದು ಸೀರೆ ಉಟ್ಟು ಸಿದ್ಧವಾಗಿ ಕೂತವರು ಕುರ್ಚಿಯಲ್ಲೇ ಹೋಗಿದ್ದರು. ನಾನು ಹೋದಾಗ ಅಂಕಲ್ ಅಂಗಳದಲ್ಲಿ ನಿಂತಿದ್ದರು. "ಅವಳ ಅನುಮಾನಕ್ಕೆಲ್ಲ ನಾನು ನಕ್ಕಿದೀನಮ್ಮ, ಇದು ನಿಜವಾಗಿಹೋಯ್ತು" ಎಂದು ಅತ್ತರು. ನಾನೂ ಅತ್ತೆ. ಬೆಂಗಳೂರಿನಲ್ಲಿ ನನಗೆ ತವರು ಎಂದಿದ್ದದ್ದು ಆ ಕೆಳಗಿನ ಮನೆ.

ಆದರೆ ಅವರು ನನಗೆ ನೆನಪಾಗುವುದು ಆ ಕುರ್ಚಿಯಲ್ಲಿ ಅಲ್ಲ. ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಗಿರಿನಗರಕ್ಕೆ ವಾಪಸಾದಾಗ, ಆಂಟಿ ಗೇಟಿನಲ್ಲಿ ಕೆಂಪು ನೀರಿನ ಆರತಿ ಹಿಡಿದು ನಿಂತಿದ್ದರು. ಆರತಿ ಎತ್ತುವಷ್ಟು ಹೊತ್ತೂ ಅವರ ಕಣ್ಣು ತಟ್ಟೆಯ ಮೇಲೇ ಇತ್ತು. ಮಗುವನ್ನು ನೋಡದೆ ಒಳಗೆ ಹೋಗಿಬಿಟ್ಟರು. ಆಮೇಲೆ ದಿನಗಟ್ಟಲೆ ಮೇಲೆ ಬರಲೇ ಇಲ್ಲ. ಮಗುವಿಗೆ ನೀರು ಕಾಯಿಸಿ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ಹೆಣ್ಣೆಂದು ಬೇಸರವೇನೋ ಎಂದು ನನ್ನ ಹಾಳು ಮನಸ್ಸು ಅನುಮಾನಿಸಿತು. ತಡೆಯಲಾರದೆ ಅಂಕಲ್ಲನ್ನು ಕೇಳಿದೆ.

"ನೋಡಲ್ಲ ಅಂತಾಳಮ್ಮ. ತನ್ನ ಕಣ್ಣು ಸರಿ ಇಲ್ಲವಂತೆ. ಏನಾದರೂ ಆಗಿಬಿಟ್ಟರೆ ಅಂತ ಭಯ."

ನಾನು ಮಗಳನ್ನು ಎತ್ತಿಕೊಂಡು ನೇರವಾಗಿ ಕೆಳಗಿಳಿದೆ. ಆಂಟಿ ನಡುಮನೆಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನ ಹೆಜ್ಜೆಯ ಸದ್ದಿಗೇ ಕಣ್ಣು ಮುಚ್ಚಿದರು.

"ತಗೊಂಡು ಹೋಗು. ನಿನಗೆ ಹೇಳಿರಲಿಲ್ವಾ, ನನ್ನನ್ನೂ ನಂಬಬೇಡ ಅಂತ."

"ಹೇಳಿದ್ರಿ. ನಾ ಕೇಳಂಗಿಲ್ರೀ ಆಂಟಿ. ನೀವು ನೋಡಬೇಕು."

ಮೊರ ಸರಿಸಿ ಮಗುವನ್ನು ಅವರ ಮಡಿಲಲ್ಲಿ ಮಲಗಿಸಿದೆ. ಅವರು ಕಣ್ಣು ತೆರೆಯಲಿಲ್ಲ. ಅಕ್ಕಿಯ ಧೂಳಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕುರುಡರ ಹಾಗೆ ಮಗುವಿನ ಹಣೆ, ಕೆನ್ನೆ, ಹೊಕ್ಕುಳು, ಕಾಲಿನ ಬೆರಳುಗಳನ್ನು ಒಂದೊಂದಾಗಿ ಸವರಿದರು. ಮಗಳು ಅವರ ಹೆಬ್ಬೆರಳನ್ನು ಹಿಡಿದುಕೊಂಡು ಬಿಡಲಿಲ್ಲ. ಆಗ ಕಣ್ಣು ಬಿಟ್ಟರು. ಬಹಳ ಹೊತ್ತು ನೋಡಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಾಗಿರಲಿಲ್ಲ.

"ನಿನ್ನ ಹಾಗೂ ಇಲ್ಲ, ಅವನ ಹಾಗೂ ಇಲ್ಲ" ಎಂದರು. "ಆಸ್ಪತ್ರೇಲಿ ಸರಿಯಾಗಿ ನೋಡಿ ತಂದ್ರಾ?"

ಹಾಗೆ ಕೇಳಿ, ಮಗುವನ್ನು ಎದೆಗೆ ಒತ್ತಿಕೊಂಡರು. ಮಗು ಹಾಲಿಗೆ ಅತ್ತರೂ ವಾಪಸು ಕೊಡಲಿಲ್ಲ.